ಜಸ್ತದ ರಿವಾಲ್ವರು: ಅನುಕೃತಿಯ ಪರೀಕ್ಷೆ ಹಾಗೂ ಛಾಯಾಚಿತ್ರ

ಬೀದರ ಸೀಮೆಯ ಗೃಹಸ್ಥರಿಗೆ ಜಸ್ತವು ಅಪರಿಚಿತವಾದ ಲೋಹವಲ್ಲ. ಗ್ರಂಥಗಳಲ್ಲಿ ಸತುವೆಂದು ಕರೆಯಲ್ಪಡುವ ಈ ಲೋಹವೇ ನಮ್ಮ ಬಿದರಿ ಪಾತ್ರೆಗಳ ಮೈ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರವನ್ನು ಕೂಡಿಸಿ ಎರಕ ಹೊಯ್ಯುವ ರೂಢಿ ಪ್ರಸಿದ್ಧವಾದದ್ದು. ಇದೇ ಜಸ್ತವನ್ನು ಬೇರೊಂದು ಬಗೆಯಲ್ಲಿ ಎರಕ ಹೊಯ್ದು, ಜಪಾನ, ತೈವಾನ ಮೊದಲಾದ ದೇಶಗಳ ಕಾರಖಾನೆಗಳು ಇಂದು ರಿವಾಲ್ವರುಗಳ ಅನುಕೃತಿಗಳನ್ನು ಸಿದ್ಧಪಡಿಸುತ್ತವೆ. ಅವುಗಳನ್ನು ಕೂಡಿಸಿಡುವ ಹವ್ಯಾಸವು ಈಚೆಗೆ ನಮ್ಮ ದೇಶದ ತರುಣರಲ್ಲಿಯೂ ಕಾಣಬರುತ್ತಿದೆ. ಖಟಕ ಚಿಂಚೋಳಿಯಂಥ ಹಳ್ಳಿಯಲ್ಲಿ ಕುಳಿತು ಇಂಥ ವಸ್ತುವನ್ನು ಕುರಿತು ಬರೆಯುವದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಬಿದರಿಯನ್ನು ನೋಡಿ ಪಳಗಿದ ಕಣ್ಣಿಗೆ ಈ ವಸ್ತುವಿನ ಗುಣದೋಷಗಳು ಬೇಗನೆ ಹೊಳೆಯುವವು ಎಂಬದೇ ನಮ್ಮ ಈ ಲೇಖನಕ್ಕೆ ಕಾರಣವು.

ಮೊದಲು ವಸ್ತುವಿನ ಪರಿಚಯ. ಏರ್‌ಸಾಫ್ಟ್ ಎಂಬ ಹೆಸರಿನಿಂದ ಮಾರಲ್ಪಡುವ ಈ ಅನುಕೃತಿಗಳಲ್ಲಿ ಮದ್ದಿಲ್ಲ, ಸೀಸವಿಲ್ಲ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡೊಂದನ್ನು ವಾಯುವಿನ ಒತ್ತಡದಿಂದ ಹೊರದೂಡುವ ಯಂತ್ರವಿದು. ರಿವಾಲ್ವರಿನ ಅನುಕೃತಿಗಳಲ್ಲಿ ಹೆಚ್ಚಿನವು ಇಂಗಾಲಾಮ್ಲ ವಾಯುವಿನಿಂದ, ಎಂದರೆ ಸೋಡಾ ನೀರಿನಲ್ಲಿ ಗುಳ್ಳೆಯಾಗಿ ಏಳುವ ಅದೇ ವಾಯುವಿನಿಂದ, ನಡೆಯುವವು. 12 ಗ್ರಾಮು ವಾಯುವನ್ನು ತುಂಬಿದ ಉಕ್ಕಿನ ಪುಟ್ಟ ಕುಪ್ಪಿಯೊಂದು ಹಿಡಿಕೆಯೊಳಗೆ ಅಡಗಿರುತ್ತದೆ. ತಿರುಗುವ ಉರುಳೆಯಲ್ಲಿ ಆರು ಹುಸಿ ತೋಟಾಗಳು. ಒಂದೊಂದು ತೋಟಾದಲ್ಲಿ ಒಂದೊಂದು ಗುಂಡು. ಕುದುರೆಯನ್ನು ಹಿಂದಕ್ಕೆ ಎಳೆದರೆ ಉರುಳೆಯು ಒಂದು ಮನೆ ಮುಂದಕ್ಕೆ ತಿರುಗುವದು. ಅಸಲು ರಿವಾಲ್ವರಿನಲ್ಲಿಯೂ ತತ್ತ್ವವು ಇದೇ. ಸ್ಯಾಮ್ಯುಅಲ್ ಕೋಲ್ಟನು 1836ರಲ್ಲಿ ಅಮೇರಿಕೆಯಲ್ಲಿ ಪೇಟೆಂಟು ಪಡೆದದ್ದು ಈ ಉರುಳೆಯ ಚಲನೆಗಾಗಿಯೇ.

ಅನುಕೃತಿಕಾರರು ಹೆಚ್ಚಾಗಿ ಆರಿಸಿಕೊಳ್ಳುವ ಮಾದರಿಗಳು ಕೆಲವೇ. 1873ರ ಕೋಲ್ಟ್ ಸೈನಿಕ ರಿವಾಲ್ವರು, 1915ರಲ್ಲಿ ಬ್ರಿಟಿಷ್ ಸೈನ್ಯವು ಸ್ವೀಕರಿಸಿದ ವೆಬ್ಲಿಯ ಆರನೆಯ ಮಾದರಿ, 1955ರಲ್ಲಿ ಹೊರಬಂದ ಕೋಲ್ಟ್ ಪೈಥಾನ್, ಡ್ಯಾನ್ ವೆಸನ್ ಕಂಪನಿಯ ರಿವಾಲ್ವರುಗಳು. ಇವುಗಳಲ್ಲಿ ವೆಬ್ಲಿಯು ನಮ್ಮ ದೇಶದ ಹಿರಿಯರಿಗೆ ಪರಿಚಿತವಾದ ಆಕಾರ. ನಡುವೆ ಮುರಿದಂತೆ ಮಡಚಿಕೊಂಡು ತೆರೆಯುವ ಆ ರಿವಾಲ್ವರು ಬ್ರಿಟಿಷ್ ಆಳಿಕೆಯ ಕಾಲದಲ್ಲಿ ಅನೇಕ ಅಧಿಕಾರಿಗಳ ಸೊಂಟದಲ್ಲಿ ಇರುತ್ತಿತ್ತು.

ಇನ್ನು ಪರೀಕ್ಷೆ. ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವದು ತೂಕ ನೋಡುವದು. "ಎಷ್ಟು ಭಾರವಾಗಿದೆ, ಅಸಲಿನಂತೆಯೇ ಇದೆ!" ಎಂಬ ಉದ್ಗಾರವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ತೂಕವೊಂದೇ ಪ್ರಮಾಣವಲ್ಲ. ಪ್ಲಾಸ್ಟಿಕ್ಕಿನ ಮೈಯೊಳಗೆ ಕಬ್ಬಿಣದ ತುಂಡನ್ನು ಹುದುಗಿಸಿ ಭಾರ ಬರಿಸುವ ಉಪಾಯವು ಹಳೆಯದು. ಲೋಹದ ಅನುಕೃತಿಗಳಲ್ಲಿ ಬಳಸುವ ಮಿಶ್ರಣವು ನೂರಕ್ಕೆ ಸುಮಾರು 96 ಪಾಲು ಜಸ್ತ, 4 ಪಾಲು ಅಲ್ಯೂಮಿನಿಯಂ. ಇದು ಉಕ್ಕಿಗಿಂತ ಹಗುರು. 1000 ಗ್ರಾಮಿನ ಉಕ್ಕಿನ ತುಂಡಿನಷ್ಟೇ ಗಾತ್ರದ ತುಂಡು ಈ ಮಿಶ್ರಣದಲ್ಲಿ ಸುಮಾರು 840 ಗ್ರಾಮು ತೂಗುವದು. ಆದಕಾರಣ ಅನುಕೃತಿಯು ಅಸಲಿನ ತೂಕವನ್ನು ಚಾಚೂ ತಪ್ಪದೆ ಮುಟ್ಟಿದ್ದರೆ, ಎಲ್ಲಿಯೋ ಗೋಡೆಗಳನ್ನು ದಪ್ಪ ಮಾಡಿದ್ದಾರೆ ಇಲ್ಲವೆ ಒಳಗೆ ಏನನ್ನೋ ತುಂಬಿದ್ದಾರೆ ಎಂದು ತಿಳಿಯತಕ್ಕದ್ದು.

ತಕ್ಕಡಿಗಿಂತ ಒಂದು ಸೂಜಿಗಲ್ಲು ಹೆಚ್ಚಿನ ಸತ್ಯವನ್ನು ಹೇಳುವದು. ಜಸ್ತವು ಸೂಜಿಗಲ್ಲಿಗೆ ಒಲಿಯುವದಿಲ್ಲ. ಸೂಜಿಗಲ್ಲನ್ನು ಮೆಲ್ಲಗೆ ಮೈಮೇಲೆಲ್ಲ ಆಡಿಸುತ್ತ ಹೋದರೆ, ಎಲ್ಲಿ ಉಕ್ಕಿನ ತಿರುಪು, ಎಲ್ಲಿ ಉಕ್ಕಿನ ಸ್ಪ್ರಿಂಗು, ಎಲ್ಲಿ ಬರಿಯ ಎರಕ ಎಂಬ ನಕಾಶೆಯೇ ದೊರೆಯುವದು. ಕುದುರೆ ಹಾಗೂ ಟ್ರಿಗರುಗಳ ಒಳಗಿನ ತಿಕ್ಕಾಟದ ಭಾಗಗಳು ಉಕ್ಕಿನವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಜಸ್ತವು ತಿಕ್ಕಾಟಕ್ಕೆ ಬೇಗನೆ ಸವೆಯುವದು.

ಬಳಿಕ ಬಣ್ಣವನ್ನು ನೋಡಬೇಕು. ಅಸಲು ರಿವಾಲ್ವರಿನ ನೀಲಿಗಪ್ಪು ಉಕ್ಕಿನ ಮೈಮೇಲೆಯೇ ಹುಟ್ಟಿದ ಬಣ್ಣ. ಬಿದರಿಯ ಕಪ್ಪೂ ಹಾಗೆಯೇ: ಬೀದರ ಕೋಟೆಯ ಹಳೆಯ ಮಣ್ಣು, ನವಸಾಗರ ಕೂಡಿಸಿದ ಕುದಿನೀರಿನಲ್ಲಿ ಲೋಹವೇ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆದರೆ ಅನುಕೃತಿಯ ಕಪ್ಪು ಬಹುಮಟ್ಟಿಗೆ ಮೇಲೆ ಬಳಿದದ್ದು. ನಳಿಗೆಯ ಅಂಚು, ಉರುಳೆಯ ಏಣು, ಹಿಡಿಕೆಯ ಬೆನ್ನು, ಈ ಮೂರು ಕಡೆ ಬಣ್ಣ ಹೋಗಿ ಬೂದು ಜಸ್ತವು ಇಣುಕುವದು. ಅಲ್ಲಿ ಹೊಸ ಬಣ್ಣ ಹಚ್ಚಿ ಮಾರುವವರೂ ಉಂಟು. ಕೈಬೆಳಕಿನ ದೀಪವನ್ನು ಓರೆಯಾಗಿ ಹಿಡಿದರೆ ತೇಪೆಯ ಹೊಳಪು ಬೇರೆಯಾಗಿ ಕಾಣುವದು. ಎರಡು ಅಚ್ಚುಗಳು ಕೂಡಿದ ಸಂದಿನ ಗೆರೆಯನ್ನೂ ಇದೇ ಓರೆ ಬೆಳಕಿನಲ್ಲಿ ಹುಡುಕಬೇಕು. ಅದನ್ನು ಅರದಿಂದ ಉಜ್ಜಿ ಅಳಿಸಿದ ಕಾರಖಾನೆಯು ಶ್ರದ್ಧೆಯುಳ್ಳದ್ದು.

ಚಲನೆಯ ಪರೀಕ್ಷೆಯಲ್ಲಿ ಒಂದೇ ಮಾತು ಮುಖ್ಯ. ಕುದುರೆಯನ್ನು ಪೂರ್ತಿ ಎಳೆದಾಗ ಉರುಳೆಯು ಅಲುಗಾಡದೆ ನಿಲ್ಲಬೇಕು, ಅದರ ಮನೆಯು ನಳಿಗೆಯ ನೇರಕ್ಕೆ ಬರಬೇಕು. ಆರೂ ಮನೆಗಳನ್ನು ಒಂದೊಂದಾಗಿ ನೋಡತಕ್ಕದ್ದು. ಐದು ಸರಿಯಿದ್ದು ಆರನೆಯದು ಸಡಿಲವಾಗಿರುವದುಂಟು. ಅಸಲಿನ ತೆರೆಯುವ ರೀತಿಯನ್ನು ಅನುಕೃತಿಯು ಪಾಲಿಸಿದೆಯೋ ಇಲ್ಲವೋ ಎಂಬದನ್ನೂ ಗಮನಿಸಬೇಕು. 1873ರ ಕೋಲ್ಟಿನಲ್ಲಿ ಬಲಗಡೆಯ ಪುಟ್ಟ ಬಾಗಿಲಿನಿಂದ ಒಂದೊಂದೇ ತೋಟಾವನ್ನು ತುಂಬಬೇಕು. ವೆಬ್ಲಿಯಲ್ಲಿ ನಳಿಗೆಯನ್ನು ಕೆಳಗೆ ಮಡಚಿದೊಡನೆ ಆರೂ ತೋಟಾಗಳು ಒಮ್ಮೆಲೆ ಮೇಲೇಳುವವು. ಈ ನಡೆಯನ್ನು ಬಿಟ್ಟು ಆಕಾರವನ್ನಷ್ಟೇ ನಕಲು ಮಾಡಿದ ವಸ್ತುವಿಗೆ ನಾವು ಹೆಚ್ಚಿನ ಬೆಲೆ ಕಟ್ಟಲಾರೆವು.

ಬಲದ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬಬಾರದು. ಗುಂಡಿನ ತೂಕವನ್ನು ಹೇಳದೆ ವೇಗವನ್ನಷ್ಟೇ ಹೇಳುವದು ಅರ್ಧ ಮಾತು. 0.20 ಗ್ರಾಮಿನ ಗುಂಡು ಸೆಕೆಂಡಿಗೆ 100 ಮೀಟರು ಹೋದರೆ ಅದರ ಶಕ್ತಿಯು ಸರಿಯಾಗಿ 1 ಜೂಲು. ಜಪಾನಿನಲ್ಲಿ 2006ರ ತಿದ್ದುಪಡಿಯ ಮೇರೆಗೆ 6 ಮಿಲಿಮೀಟರಿನ ಗುಂಡಿಗೆ 0.98 ಜೂಲಿನ ಮಿತಿಯನ್ನು ಹಾಕಿದ್ದಾರೆ. ಅಸಲು ರಿವಾಲ್ವರಿನ ಗುಂಡಿಗೆ ಇರುವದು ನೂರಾರು ಜೂಲು. ಹೀಗೆಂದು ಒಂದು ಜೂಲನ್ನು ಅಲಕ್ಷಿಸಬಾರದು. ಕಣ್ಣು ಹೋಗಲು ಅಷ್ಟೇ ಸಾಕು. ಪರೀಕ್ಷೆ ಮಾಡುವವರೂ ಬಳಿಯಲ್ಲಿ ನಿಂತವರೂ ಕಣ್ಣಿಗೆ ಕವಚವನ್ನು ಹಾಕಿಕೊಳ್ಳಲೇಬೇಕು.

ಇಲ್ಲಿ ನಮ್ಮ ಸೀಮೆಯ ಬಿಸಿಲಿನ ಮಾತೊಂದನ್ನು ಹೇಳಬೇಕಾಗಿದೆ, ಏಕೆಂದರೆ ಶೀತದೇಶದವರು ಬರೆದ ಕೈಪಿಡಿಗಳಲ್ಲಿ ಇದಕ್ಕೆ ಸಾಕಷ್ಟು ಸ್ಥಳವಿಲ್ಲ. ಕುಪ್ಪಿಯೊಳಗೆ ಇಂಗಾಲಾಮ್ಲವು ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯ ಉಷ್ಣತೆಯಲ್ಲಿ ಅದರ ಒತ್ತಡವು ನಮ್ಮ ಸುತ್ತಣ ಗಾಳಿಯ ಒತ್ತಡದ ಸುಮಾರು 57 ಪಟ್ಟು. 31 ಡಿಗ್ರಿಯನ್ನು ದಾಟಿದರೆ ಅದು ದ್ರವವಾಗಿ ಉಳಿಯಲಾರದು, ಒತ್ತಡವು ಏರುತ್ತ ಹೋಗುವದು. ಬೀದರ, ಭಾಲ್ಕಿ, ಔರಾದಗಳಲ್ಲಿ ವೈಶಾಖದ ಮಧ್ಯಾಹ್ನವು 40 ಡಿಗ್ರಿಯ ಆಸುಪಾಸಿಗೆ ಹೋಗುವದು ಎಲ್ಲರಿಗೂ ತಿಳಿದದ್ದೇ. ಮಾರ್ಗಶಿರದ ಮುಂಜಾವಿನಲ್ಲಿ ಸೌಮ್ಯವಾಗಿದ್ದ ಅದೇ ರಿವಾಲ್ವರು ಆ ದಿನಗಳಲ್ಲಿ ಬೇರೆ ಅಂಕಿಯನ್ನು ತೋರಿಸುವದು. ಬೇಗಬೇಗನೆ ಆರು ಸಲ ಹಾರಿಸಿದರೆ ಕುಪ್ಪಿಯು ತಣ್ಣಗಾಗಿ ವೇಗವು ಇಳಿಯುವದೂ ಉಂಟು. ಆದುದರಿಂದ ಮೌಲ್ಯಮಾಪನದ ಟಿಪ್ಪಣಿಯಲ್ಲಿ ಗುಂಡಿನ ತೂಕ, ಆ ಹೊತ್ತಿನ ಉಷ್ಣತೆ, ಎರಡು ಹೊಡೆತಗಳ ನಡುವಿನ ಅಂತರ ಈ ಮೂರನ್ನೂ ಬರೆದಿಡತಕ್ಕದ್ದು. ಕುಪ್ಪಿಗಳನ್ನು ಬಿಸಿಲಿನಲ್ಲಿ ನಿಂತ ಮೋಟಾರಿನಲ್ಲಾಗಲಿ, ಒಲೆಯ ಬಳಿಯಲ್ಲಾಗಲಿ ಎಂದಿಗೂ ಇಡಬಾರದು.

ಈಗ ಛಾಯಾಚಿತ್ರದ ಮಾತು. ಹವ್ಯಾಸಿಗಳಲ್ಲಿ ಬಹುಜನರು ಎಡವುವದು ಇಲ್ಲಿಯೇ. ಬಿದರಿಯ ಪಾತ್ರೆಯೊಂದರ ಚಿತ್ರವನ್ನು ತೆಗೆಯಲು ಯತ್ನಿಸಿದವರಿಗೆ ತೊಡಕು ಏನೆಂಬದು ಗೊತ್ತು: ಕಪ್ಪು ಮೈಯು ಬೆಳಕನ್ನು ನುಂಗುತ್ತದೆ, ಬೆಳ್ಳಿಯ ಬಳ್ಳಿಯು ಅದನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ರಿವಾಲ್ವರಿನಲ್ಲಿಯೂ ಹಾಗೆಯೇ, ನಳಿಗೆ ಕಪ್ಪು, ಹುಸಿ ತೋಟಾಗಳು ಹೊಳೆಯುವ ಹಿತ್ತಾಳೆ. ಅಂಗಳದ ನೇರ ಬಿಸಿಲಿನಲ್ಲಿ ಇಟ್ಟರೆ ಎರಡೂ ಕೆಡುವವು. ಪಡಸಾಲೆಯ ಬಾಗಿಲಿನ ಪಕ್ಕದಲ್ಲಿ, ನೇರ ಬಿಸಿಲು ಬೀಳದ ಉತ್ತರ ದಿಕ್ಕಿನ ಬೆಳಕಿದ್ದರೆ ಅತ್ಯುತ್ತಮ, ವಸ್ತುವನ್ನು ಇಟ್ಟು, ಬಾಗಿಲಿಗೆ ಒಂದು ಬಿಳಿಯ ಧೋತರವನ್ನು ಇಳಿಬಿಡಬೇಕು. ಬೆಳಕು ಅದರಿಂದ ಸೋಸಿ ಬಂದು ಮೃದುವಾಗುವದು. ಎದುರು ಮಗ್ಗುಲಿಗೆ ಒಂದು ಬಿಳಿಯ ಕಾಗದವನ್ನು ನಿಲ್ಲಿಸಿದರೆ ನೆರಳಿನ ಕಡೆಯ ಅಕ್ಷರಗಳೂ ಓದಬರುವವು. ದೀಪದ ಮಿಂಚನ್ನು, ಎಂದರೆ ಫ್ಲಾಶನ್ನು, ಉಪಯೋಗಿಸಲೇಬಾರದು.

ಕೆಳಗೆ ಹಾಸುವ ವಸ್ತ್ರದಲ್ಲಿಯೂ ವಿವೇಕ ಬೇಕು. ನಮ್ಮ ಕಡೆಯ ಕರಿಯ ಕಂಬಳಿಯು ಬೆಳಕನ್ನು ಚೆನ್ನಾಗಿ ಹೀರುವದು ನಿಜ. ಬೆಳ್ಳಿಬಣ್ಣದ ರಿವಾಲ್ವರಿಗೆ ಅದಕ್ಕಿಂತ ಉತ್ತಮವಾದ ಹಾಸು ಇಲ್ಲ. ಕಪ್ಪು ರಿವಾಲ್ವರನ್ನು ಅದರ ಮೇಲಿಟ್ಟರೆ ಮಾತ್ರ ಅಂಚು ಕರಗಿಹೋಗುವದು. ಅದಕ್ಕೆ ಗೋಣಿತಟ್ಟು ಅಥವಾ ಬಣ್ಣ ಹಾಕದ ಖಾದಿ ಯೋಗ್ಯ. (ಕಂಬಳಿಯ ಕೂದಲು ವಸ್ತುವಿಗೆ ಅಂಟಿಕೊಳ್ಳುವದರಿಂದ ಒಂದು ಮೆತ್ತನೆಯ ಕುಂಚವು ಕೈಯಲ್ಲಿರಲಿ.) ಕ್ಯಾಮೆರಾವು ತಾನು ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ಹವಣಿಸುವದು. ಕಪ್ಪು ತುಂಬಿದ ಚಿತ್ರದಲ್ಲಿ ಅದು ಬೆಳಕನ್ನು ಹೆಚ್ಚಿಸಿ ಕಪ್ಪನ್ನು ಮಾಸಲು ಮಾಡುವದು, ಆಗ ಕೈಯಿಂದಲೇ ಬೆಳಕನ್ನು ತಗ್ಗಿಸಬೇಕು. ಕೈಫೋನಿನಿಂದ ತೆಗೆಯುವವರು ತೀರ ಹತ್ತಿರ ಹೋಗಬಾರದು. ಹತ್ತಿರದ ಹಿಡಿಕೆಯು ಉಬ್ಬಿ, ದೂರದ ನಳಿಗೆಯು ಮೊಟಕಾಗಿ, ಅಳತೆಯೇ ತಪ್ಪುವದು. ಮೂರು ಅಡಿ ಹಿಂದೆ ಸರಿದು ಹಿಗ್ಗಿಸಿ ತೆಗೆದರೆ ಆಕಾರವು ಸರಿಯಾಗಿ ಬರುವದು.

ಯಾವ ಯಾವ ಚಿತ್ರಗಳು ಬೇಕು? ಎರಡು ಮಗ್ಗುಲುಗಳು, ಮೇಲ್ಭಾಗ, ತೆರೆದ ಉರುಳೆ, ಕಾರಖಾನೆಯ ಗುರುತು, ಪಕ್ಕದಲ್ಲಿ ಅಳತೆಪಟ್ಟಿ, ಇವು ಇದ್ದೇ ಇರಲಿ. ಆದರೆ ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ನಳಿಗೆಯ ಬಾಯಿಯ ಚಿತ್ರ. ಅಸಲು ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿರುವವು. ಏರ್‌ಸಾಫ್ಟ್ ಅನುಕೃತಿಯಲ್ಲಿ ಅಗಲವಾದ ಹೊರಬಾಯಿಯ ಒಳಗೆ ನುಣುಪಾದ ತೆಳ್ಳನೆಯ ಇನ್ನೊಂದು ನಳಿಗೆ, ಹೆಚ್ಚಾಗಿ ಹಿತ್ತಾಳೆಯದು, ಕಾಣುವದು. ವಸ್ತುವು ಏನೆಂಬದು ಈ ಒಂದು ಚಿತ್ರದಲ್ಲಿ ಬಯಲಾಗುವದು. ಇದನ್ನು ತೆಗೆಯುವ ಮುನ್ನ ಕುಪ್ಪಿಯನ್ನೂ ತೋಟಾಗಳನ್ನೂ ತೆಗೆದಿಡಬೇಕು. ಕ್ಯಾಮೆರಾವನ್ನು ಕಾಲುಮಣೆಯ ಮೇಲೆ ನಿಲ್ಲಿಸಿ, ತಾನೇ ಚಿತ್ರ ತೆಗೆಯುವಂತೆ ಸಮಯವನ್ನು ಗೊತ್ತುಮಾಡಿ, ಬಾಯಿಯ ಎದುರಿನಿಂದ ಸರಿದು ನಿಲ್ಲಬೇಕು.

ಅನೇಕರು ಈ ಚಿತ್ರವನ್ನೇ ತೆಗೆಯುವದಿಲ್ಲ. ತೆಗೆದರೂ ತೋರಿಸುವದಿಲ್ಲ. ಅಮೇರಿಕೆಯಲ್ಲಿ 1988ರ ಕಾಯದೆಯ ಮೇರೆಗೆ ಇಂಥ ವಸ್ತುವಿನ ನಳಿಗೆಯ ತುದಿಗೆ ಕಿತ್ತಳೆ ಬಣ್ಣದ ಗುರುತು ಇರತಕ್ಕದ್ದು. ಜಪಾನದವರು 1971ರಲ್ಲಿಯೇ ಲೋಹದ ಕೈಬಂದೂಕಿನ ಮಾದರಿಗಳ ನಳಿಗೆಯನ್ನು ಮುಚ್ಚಿ, ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕೆಂದು ವಿಧಿಸಿದರು. "ಚಿತ್ರದ ಅಂದ ಕೆಡುತ್ತದೆ" ಎಂದು ಹವ್ಯಾಸಿಗಳು ಆ ಕಿತ್ತಳೆಯನ್ನು ಕೆರೆದು ಹಾಕುವರು, ಇಲ್ಲವೆ ಚಿತ್ರದಲ್ಲಿ ಕತ್ತರಿಸಿಬಿಡುವರು. ಆ ಗುರುತು ಏತಕ್ಕೆ ಇದೆ ಎಂಬದನ್ನು ಅವರು ತಿಳಿಯಬೇಕು. 2014ರ ನವೆಂಬರಿನಲ್ಲಿ ಅಮೇರಿಕೆಯ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ 12 ವರ್ಷದ ಬಾಲಕನೊಬ್ಬನು ಏರ್‌ಸಾಫ್ಟ್ ಪಿಸ್ತೂಲನ್ನು ಹಿಡಿದು ಆಡುತ್ತಿದ್ದನು. ಅದರ ತುದಿಯ ಕಿತ್ತಳೆ ಗುರುತು ಹೋಗಿತ್ತು. ಯಾರೋ ಪೋಲೀಸರಿಗೆ ತಿಳಿಸಿದರು. ಪೋಲೀಸ ವಾಹನವು ಬಂದು ನಿಂತ ಎರಡು ಸೆಕೆಂಡುಗಳೊಳಗೆ ಗುಂಡು ಹಾರಿತು. ಬಾಲಕನು ಮರುದಿನ ತೀರಿಕೊಂಡನು. ಹುಡುಗನ ಕೈಯಲ್ಲಿದ್ದದ್ದು ಅನುಕೃತಿಯೆಂಬದು ತಿಳಿದದ್ದು ಆಮೇಲೆ.

ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿನ ಮೇಲೆ, ಕೋಟೆಯ ಬುರುಜಿನ ಮೇಲೆ ನಿಂತು ಕೈಯಲ್ಲಿ ರಿವಾಲ್ವರು ಹಿಡಿದು ಚಿತ್ರ ತೆಗೆಸಿಕೊಳ್ಳುವ ಚಪಲವು ತರುಣರಲ್ಲಿ ಹುಟ್ಟುವದು ಸಹಜ. ದೂರದಿಂದ ನೋಡುವ ದಾರಿಕಾರನಿಗೆ ಜಸ್ತವಾವುದು, ಉಕ್ಕಾವುದು? ಅನುಕೃತಿಯ ಚಿತ್ರವನ್ನು ಮನೆಯೊಳಗೇ ತೆಗೆಯತಕ್ಕದ್ದು, ವಸ್ತುವನ್ನು ಮೇಜಿನ ಮೇಲೆ ಇಟ್ಟು ತೆಗೆಯತಕ್ಕದ್ದು, ಮನುಷ್ಯನ ಕಡೆಗೆ ಗುರಿಯಿಟ್ಟಂತೆ ಎಂದೂ ತೆಗೆಯಬಾರದು. ಚಿತ್ರದ ಕೆಳಗೆ "ಅನುಕೃತಿ, 6 ಮಿಲಿಮೀಟರು" ಎಂದು ಬರೆಯಬೇಕು. ಇದರಿಂದ ಚಿತ್ರದ ಸೊಗಸಿಗೆ ಯಾವ ಕುಂದೂ ಬರಲಾರದು.

ಕಾಯದೆಯ ಮಾತನ್ನು ಸಂಕ್ಷೇಪವಾಗಿ ಹೇಳುವೆವು. ನಮ್ಮ ದೇಶದ 1959ರ ಆಯುಧ ಕಾಯದೆಯ 6ನೆಯ ಕಲಮಿನ ಮೇರೆಗೆ, ಅನುಕೃತಿಯನ್ನು ನಿಜವಾದ ಬಂದೂಕಾಗಿ ಮಾರ್ಪಡಿಸಲು ಪರವಾನಿಗೆ ಬೇಕು. ಪರವಾನಿಗೆ ಇಲ್ಲದೆ ಮಾಡುವದು ಅಪರಾಧ. ಕಾಯದೆಯನ್ನು ಬದಿಗಿಟ್ಟರೂ ಅದು ಹುಚ್ಚು ಸಾಹಸವೇ ಸರಿ. 400 ಡಿಗ್ರಿಯೊಳಗೇ ಕರಗುವ ಈ ಜಸ್ತದ ಮಿಶ್ರಣವು ಮದ್ದಿನ ಸ್ಫೋಟವನ್ನು ತಡೆಯಲಾರದು, ಹಿಡಿದವನ ಕೈಯಲ್ಲಿಯೇ ಸಿಡಿಯುವದು. ಹೊರದೇಶದಿಂದ ತರಿಸಬೇಕೆನ್ನುವವರು ಮೊದಲು ಸುಂಕದ ಕಚೇರಿಯಲ್ಲಿಯೂ ತಮ್ಮ ಊರಿನ ಪೋಲೀಸ ಠಾಣೆಯಲ್ಲಿಯೂ ವಿಚಾರಿಸಿಕೊಂಡು ಹಣ ಕಳಿಸುವದು ಲೇಸು.

ಕೊನೆಗೆ ಬೆಲೆ. ಹಳೆಯ ಬಿದರಿಯಂತೆ ಇದು ವರ್ಷ ಕಳೆದಂತೆ ಬೆಲೆ ಏರುವ ವಸ್ತುವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಪೆಟ್ಟಿಗೆ, ಕೈಪಿಡಿ, ಆರೂ ಹುಸಿ ತೋಟಾಗಳು ಇದ್ದರೆ ಒಂದು ಬೆಲೆ. ಒಂದು ತೋಟಾ ಕಳೆದಿದ್ದರೂ ಬೇರೆ ಬೆಲೆ, ಏಕೆಂದರೆ ಒಂದು ಕಾರಖಾನೆಯ ತೋಟಾ ಇನ್ನೊಂದಕ್ಕೆ ಒಗ್ಗುವದು ಅಪರೂಪ. ಹಳೆಯ ಎರಕದ ಆಟಿಗೆಗಳನ್ನು ಕೊಳ್ಳುವವರು ಮೈಮೇಲೆ ಕೂದಲೆಳೆಯಂಥ ಬಿರುಕುಗಳ ಬಲೆಯನ್ನು ಹುಡುಕಬೇಕು. ಎರಕದಲ್ಲಿ ಸೀಸದ ಕಲಬೆರಕೆ ಸೇರಿದ್ದರೆ ಜಸ್ತವು ವರ್ಷಗಳ ತರುವಾಯ ಒಳಗಿನಿಂದಲೇ ಉಬ್ಬಿ, ಬಿರಿದು, ಪುಡಿಯಾಗುವದು, ಇದಕ್ಕೆ ಮದ್ದಿಲ್ಲ. ತೇವವು ಈ ರೋಗವನ್ನು ಬೆಳೆಸುವದರಿಂದ ಮಳೆಗಾಲದಲ್ಲಿ ವಸ್ತುವನ್ನು ಒಣ ಬಟ್ಟೆಯಲ್ಲಿ ಸುತ್ತಿ, ಕುಪ್ಪಿಯನ್ನು ಬೇರೆ ಕಡೆ ಇಟ್ಟು, ಬೀಗವಿರುವ ಕಪಾಟಿನಲ್ಲಿ ಇಡತಕ್ಕದ್ದು. ಬೀಗದ ಕೈ ಮಕ್ಕಳಿಗೆ ಎಟುಕದ ಗೂಟದ ಮೇಲಿರಲಿ.