ಕಛೇರಿಗಳ ಟೆಲಿಫೋನು ಯಂತ್ರ

ಮಧ್ಯಾಹ್ನದ ಊಟದ ವೇಳೆಯಲ್ಲಿ ಕಛೇರಿಗೆ ಟೆಲಿಫೋನು ಮಾಡಿದ ರೈತನಿಗೆ ಉತ್ತರ ಕೊಡುವವರಾರು? ಗುಮಾಸ್ತರು ಸ್ಥಳದಲ್ಲಿಲ್ಲದಿದ್ದರೆ ಗಂಟೆಯು ಬಾರಿಸಿ ಬಾರಿಸಿ ನಿಲ್ಲುವುದು. ಆತನ ಅಹವಾಲು ಎಲ್ಲಿಯೂ ದಾಖಲಾಗದು. ಈ ಕೊರತೆಯನ್ನು ನೀಗಿಸತಕ್ಕ ಉಪಕರಣವೇ ವಾಯ್ಸ್‌ಮೇಲ್. ಆದರೆ ಅದನ್ನು ಕೊಳ್ಳುವುದರಲ್ಲಿ ನಮ್ಮ ಕಛೇರಿಗಳೂ ಸಂಘಸಂಸ್ಥೆಗಳೂ ತೋರಿಸುತ್ತಿರುವ ಆತುರವನ್ನು ಕಂಡು ಎರಡು ಮಾತುಗಳನ್ನು ಹೇಳದಿರಲಾರೆವು.

ಯಂತ್ರವು ಎಷ್ಟು ಗಂಟೆಗಳ ಮಾತನ್ನು ಹಿಡಿದಿಟ್ಟುಕೊಳ್ಳುವುದೆಂಬುದನ್ನೇ ಮಾರಾಟಗಾರರು ಮೊದಲು ಕೊಂಡಾಡುವರು. ಇದೇನೂ ದೊಡ್ಡ ಸಂಗತಿಯಲ್ಲ. ಟೆಲಿಫೋನಿನ ಧ್ವನಿಯು ಸೆಕೆಂಡಿಗೆ 64,000 ಬಿಟ್‌ಗಳಷ್ಟಾಗುವುದರಿಂದ ಒಂದು ಗಂಟೆಯ ಮಾತಿಗೆ 29 ಮೆಗಾಬೈಟು ಸ್ಥಳ ಸಾಕು. ಇದು ಈ ಕಾಲದಲ್ಲಿ ಕಾಸಿಗೆ ಸಿಕ್ಕುವ ಸರಕು. ಕೇಳಬೇಕಾದ ಪ್ರಶ್ನೆಯೇ ಬೇರೆ. ಏಕಕಾಲಕ್ಕೆ ಎಷ್ಟು ಮಂದಿ ಆ ಯಂತ್ರದೊಡನೆ ಮಾತನಾಡಬಹುದು? ಈ ದಾರಿಗಳಿಗೆ ಪೋರ್ಟುಗಳೆಂದು ಹೆಸರು. ಕೋಪನ್‌ಹೇಗನ್ನಿನ ಟೆಲಿಫೋನು ಕಂಪನಿಯಲ್ಲಿದ್ದ ಗಣಿತಜ್ಞ ಏರ್ಲಾಂಗನು 1917ರಲ್ಲಿ ಪ್ರಕಟಿಸಿದ ಸೂತ್ರವು ಇಂದಿಗೂ ಇದಕ್ಕೆ ಲೆಕ್ಕ ಕೊಡುವುದು. ಸಂದಣಿಯ ಒಂದು ಗಂಟೆಯಲ್ಲಿ 40 ಮಂದಿ ಕರೆದು, ತಲಾ ಒಂದೂವರೆ ನಿಮಿಷ ಮಾತನಾಡುವರೆಂದಿಟ್ಟುಕೊಳ್ಳೋಣ. ಪೋರ್ಟುಗಳು 2 ಇದ್ದರೆ ಸುಮಾರಾಗಿ ಐವರಲ್ಲಿ ಒಬ್ಬನಿಗೆ ಪ್ರವೇಶವಿಲ್ಲ. 4 ಇದ್ದರೆ 65 ಮಂದಿಯಲ್ಲಿ ಒಬ್ಬನು ಮಾತ್ರ ಹಿಂದಿರುಗುವನು. ಎರಡು ಪೋರ್ಟುಗಳ ಉಳಿತಾಯಕ್ಕಾಗಿ ಇಷ್ಟು ಜನರನ್ನು ಬಾಗಿಲಾಚೆ ನಿಲ್ಲಿಸುವುದು ಎಂತಹ ಮಿತವ್ಯಯವೋ ನಾವರಿಯೆವು.

ಇನ್ನು ವಿಸ್ತರಣದ ಮಾತು. ಹೊರಗಿನ ಲೈನುಗಳಿಗೆ ಒಂದು ಬಗೆಯ ಕಾರ್ಡು, ಒಳಗಿನ ಎಕ್ಸ್‌ಟೆನ್ಷನ್‌ಗಳಿಗೆ ಇನ್ನೊಂದು. ಒಂದು ಕಂಪನಿಯ ಕಾರ್ಡು ಮತ್ತೊಂದರ ಪೆಟ್ಟಿಗೆಗೆ ಸಾಮಾನ್ಯವಾಗಿ ಹೊಂದದು. ಆದ್ದರಿಂದ ಪೆಟ್ಟಿಗೆಯನ್ನು ಕೊಂಡವರು ಆ ಕಂಪನಿಯ ಭಾಗ್ಯಕ್ಕೆ ಗಂಟುಬಿದ್ದಂತೆಯೇ ಸರಿ. ಕೆನಡಾದ ನಾರ್ಟೆಲ್ ಕಂಪನಿಯ ನಾರ್‌ಸ್ಟಾರ್ ಯಂತ್ರಗಳು ಒಂದು ಕಾಲದಲ್ಲಿ ಬಹು ಪ್ರಸಿದ್ಧವಾಗಿದ್ದವು. ಆ ಕಂಪನಿಯು 2009ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಅದರ ಕಛೇರಿ ಟೆಲಿಫೋನಿನ ವ್ಯಾಪಾರವನ್ನು ಅದೇ ವರ್ಷ ಕೊಂಡ ಅವಾಯಾ ಕಂಪನಿಯೂ 2017ರಲ್ಲೊಮ್ಮೆ, 2023ರಲ್ಲಿ ಮತ್ತೊಮ್ಮೆ ನ್ಯಾಯಾಲಯದ ಮೊರೆಹೊಕ್ಕಿತು. ಅಂತಹ ಯಂತ್ರಕ್ಕೆ ಕಾರ್ಡು ಬೇಕಾದವರು ಹಳೆಯ ಸಾಮಾನಿನ ಅಂಗಡಿಗಳನ್ನು ಹುಡುಕಬೇಕಾಯಿತು. ಸಿಪ್ ಎಂಬ ಸಾರ್ವತ್ರಿಕ ಪದ್ಧತಿಯನ್ನು ಅನುಸರಿಸುವ ಯಂತ್ರಗಳನ್ನೇ ಆರಿಸತಕ್ಕದ್ದೆಂದು ನಾವು ಹೇಳುವುದು ಇದಕ್ಕಾಗಿ.

ಸ್ವದೇಶದಲ್ಲಿ ಈ ವಿದ್ಯೆಯಿಲ್ಲವೆನ್ನುವವರು ಕಿತ್ತೂರನ್ನು ನೆನೆಯಲಿ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ತನ್ನ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಅಲ್ಲಿಯೇ ಸ್ಥಾಪಿಸಿತು; ಹವಾನಿಯಂತ್ರಣದ ಕೊಠಡಿಯೂ ಅದಕ್ಕೆ ಬೇಕಾಗಿರಲಿಲ್ಲ.

ಕರೆದವನಿಗೆ ಮೊದಲು ಕೇಳಿಬರುವ ಮಾತು ಕನ್ನಡದಲ್ಲಿರಬೇಕೆಂದು ಬೇರೆ ಹೇಳಬೇಕೆ? ಮತ್ತೊಂದು ಸಂಗತಿಯುಂಟು. ಕಾರ್ಖಾನೆಯಿಂದ ಬಂದ ಗುಪ್ತಸಂಖ್ಯೆಯನ್ನು ಬದಲಿಸದೆ ಬಿಟ್ಟ ವಾಯ್ಸ್‌ಮೇಲಿನೊಳಗೆ ಹೊಕ್ಕು, ಅದರ ಮೂಲಕ ಪರದೇಶಗಳಿಗೆ ಕರೆ ಮಾಡಿ, ವೆಚ್ಚವನ್ನು ಕಛೇರಿಯ ತಲೆಗೆ ಕಟ್ಟುವ ಕಳ್ಳರಿರುವರು. ಆ ಸಂಖ್ಯೆಯನ್ನು ಬದಲಿಸಿ, ವಾಯ್ಸ್‌ಮೇಲಿನಿಂದ ಹೊರಗೆ ಕರೆ ಹೋಗದಂತೆ ತಡೆಗಟ್ಟಿಸಿದ ಮೇಲೆಯೇ ಅಧಿಕಾರಿಗಳು ಮಾರಾಟಗಾರರ ಬಿಲ್ಲಿಗೆ ರುಜು ಹಾಕತಕ್ಕದ್ದು.