ಸರಾಸರಿಯ ಮರೆಯಲ್ಲಿ ಉಳಿದವರು

ಉಡುಪಿ ಜಿಲ್ಲೆಯ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಪ್ರವಾಸಿಗರು ವಾಹನ ನಿಲ್ಲಿಸಿ ಈ ಸೊಬಗನ್ನು ಕಣ್ತುಂಬಿಕೊಂಡು ಮುಂದೆ ಸಾಗುತ್ತಾರೆ. ಅಲ್ಲಿಯೇ ಬಾಳುವವರಿಗಾದರೋ ಮಳೆಗಾಲವೆಂದರೆ ಕಡಲ್ಕೊರೆತದ ಭಯ, ದೋಣಿ ಕಡಲಿಗಿಳಿಯದ ದಿನಗಳ ಚಿಂತೆ. ದೂರದ ನೋಟವೇ ಬೇರೆ, ಹತ್ತಿರದ ಬದುಕೇ ಬೇರೆ. ಆರೋಗ್ಯದ ಅಂಕಿಅಂಶಗಳಿಗೂ ಈ ಮಾತು ಸಲ್ಲುತ್ತದೆ.

2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ ಉಡುಪಿಗೆ ರಾಜ್ಯದಲ್ಲಿ ಮೂರನೆಯ ಸ್ಥಾನ. ಕೊನೆಯ ಸ್ಥಾನ ರಾಯಚೂರಿನದು. 2011ರ ಜನಗಣತಿಯಂತೆ ಉಡುಪಿಯ ಸಾಕ್ಷರತೆ ಶೇ. 86ಕ್ಕಿಂತ ಹೆಚ್ಚು, ಯಾದಗಿರಿಯದು ಶೇ. 52ಕ್ಕಿಂತ ಕಡಿಮೆ. ಇಂತಹ ಅಂತರವನ್ನು ಲೆಕ್ಕಹಾಕಿ ನಾಡಿನ ಮುಂದಿಟ್ಟವರು ಡಾ. ಡಿ. ಎಂ. ನಂಜುಂಡಪ್ಪನವರು. ಅವರ ನೇತೃತ್ವದ ಸಮಿತಿ 2002ರಲ್ಲಿ, ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ತಿಳಿಸಿತು. ಅಂಕಿಗಳು ಬಹಿರಂಗವಾದುದರಿಂದಲೇ ಹಿಂದುಳಿದ ಭಾಗದ ಜನರ ಅಹವಾಲಿಗೆ ಆಧಾರ ದೊರೆಯಿತು.

ಆದರೆ ಮುಂದಿರುವ ಜಿಲ್ಲೆಯಲ್ಲಿ ಎಲ್ಲರೂ ಮುಂದಿರುತ್ತಾರೆಯೇ? ರಾಜ್ಯದ ವಿಶೇಷ ದುರ್ಬಲ ಬುಡಕಟ್ಟುಗಳಲ್ಲೊಂದಾದ ಕೊರಗ ಸಮುದಾಯದ ನೆಲೆ ಇರುವುದು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೇ. ಅವರನ್ನು ಅವಮಾನಕ್ಕೆ ಗುರಿಮಾಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಜಿಲ್ಲೆಯ ಸರಾಸರಿ ಎಷ್ಟೇ ಎತ್ತರದಲ್ಲಿದ್ದರೂ ಚಿಕ್ಕ ಸಮುದಾಯವೊಂದರ ಬವಣೆ ಅದರಲ್ಲಿ ಕಾಣುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 44.8 ಇತ್ತು. ಗರ್ಭಿಣಿಯರಲ್ಲದ ಮಹಿಳೆಯರಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಆಯಾಸ, ಏದುಸಿರು, ಹೆರಿಗೆಯಲ್ಲಿ ಅಪಾಯ, ಕಡಿಮೆ ತೂಕದ ಶಿಶು—ಇವು ಅದರ ಫಲ.

ಈ ಸಮೀಕ್ಷೆಯ ನೋಟ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ. 2018ರಲ್ಲಿ ರೂಪುಗೊಂಡ ಬೈಂದೂರು ತಾಲ್ಲೂಕಿನದಾಗಲಿ, ಅದರೊಳಗಿನ ಮರವಂತೆಯದಾಗಲಿ ಪ್ರತ್ಯೇಕ ಅಂಕಿ ಅದರಲ್ಲಿ ದೊರೆಯದು. ಅದು ಇರುವುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ, ಅಂಗನವಾಡಿಯ ತೂಕದ ದಾಖಲೆಯಲ್ಲಿ. ಮನೆಮನೆ ನಡೆದು ಅವರು ಬರೆದಿಟ್ಟ ಲೆಕ್ಕ ಮೇಲಿನ ಕಚೇರಿಗೆ ಹೋಗುತ್ತದೆ. ಊರಿಗೆ ಮರಳಿ ಬರುವುದು ಅಪರೂಪ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ದುಡಿಮೆ ನಿಂತ ಮನೆಯ ಮಗುವಿನ ತೂಕ ಇಳಿಯಿತೇ ಎಂಬುದನ್ನು ವರ್ಷದ ಸರಾಸರಿ ಹೇಳದು. ತಿಂಗಳು ತಿಂಗಳ ದಾಖಲೆ ಮಾತ್ರ ಹೇಳಬಲ್ಲದು.

ಆದ್ದರಿಂದ ಓದುಗರು ತಮ್ಮೂರಿನ ಗ್ರಾಮಸಭೆಯಲ್ಲಿ ರಸ್ತೆ, ದೀಪಗಳ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಈ ವರ್ಷ ಎಷ್ಟು ಶಿಶುಗಳು ಕಡಿಮೆ ತೂಕದಲ್ಲಿ ಹುಟ್ಟಿದವು? ಎಷ್ಟು ಗರ್ಭಿಣಿಯರಿಗೆ ರಕ್ತಹೀನತೆಯಿತ್ತು? ಯಾವ ಕೇರಿಯಲ್ಲಿ ಹೆಚ್ಚು, ಏಕೆ? ಉತ್ತರದಲ್ಲಿ ಯಾರ ಹೆಸರೂ ಹೊರಬರಕೂಡದು. ರೋಗಿಯ ಮಾನ ಕಾಯುವುದು ಮೊದಲ ಕರ್ತವ್ಯ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುವುದು ಇಂತಹ ವಿಚಾರಕ್ಕಾಗಿಯೇ. ಮನೆಯಲ್ಲಿ ಜನನವಾಗಲಿ ಮರಣವಾಗಲಿ ಸಂಭವಿಸಿದರೆ 21 ದಿನಗಳೊಳಗೆ ನೋಂದಾಯಿಸಬೇಕು. ಲೆಕ್ಕಕ್ಕೆ ಸಿಗದ ಮಗುವಿನ ಪಾಲಿಗೆ ಲಸಿಕೆಯೂ ತಡ, ಆಹಾರವೂ ತಡ.

ಎಣಿಸುವುದೆಂದರೆ ಹೆಗ್ಗಳಿಕೆಯ ಪಟ್ಟಿ ಮಾಡುವುದಲ್ಲ. ಯಾರ ಮನೆಯ ಬಾಗಿಲಿಗೆ ನಾವಿನ್ನೂ ಹೋಗಿಲ್ಲವೆಂದು ತಿಳಿದುಕೊಳ್ಳುವುದು. ತಿಳಿದ ಮೇಲೆ ಸುಮ್ಮನಿರಲಾಗದು.