ಅಸಹ್ಯ ಹುಟ್ಟುಗುಣವಲ್ಲ

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನು ಕಂಡರೆ ಅಸಹ್ಯವಾಗುವುದು ಸಹಜ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಇದರಲ್ಲಿ ಸ್ವಲ್ಪ ನಿಜವಿದೆ. ಹೇಸಿಗೆಪಡುವ ಶಕ್ತಿ ಹುಟ್ಟಿನಿಂದಲೇ ಬರುತ್ತದೆ; ಬೇಗ ಹೇಸುವ ಸ್ವಭಾವದವರಲ್ಲಿ ಸಲಿಂಗಿಗಳ ಬಗ್ಗೆ ವಿರೋಧ ಹೆಚ್ಚೆಂದು ಮನೋವಿಜ್ಞಾನದ ಅಧ್ಯಯನಗಳೂ ತೋರಿಸಿವೆ. ಆದರೆ ಯಾವುದಕ್ಕೆ ಹೇಸಬೇಕೆಂಬುದನ್ನು ಕಲಿಸುವವರು ಸುತ್ತಲಿನವರು. ಒಂದು ಮನೆಯಲ್ಲಿ ಬಾಯಲ್ಲಿ ನೀರೂರಿಸುವ ಮಾಂಸದಡುಗೆ ಪಕ್ಕದ ಮನೆಯವರಿಗೆ ವಾಕರಿಕೆ ತರುವುದು ಹೀಗೆಯೇ. ಗ್ಯಾಲಪ್ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಸಲಿಂಗ ವಿವಾಹವನ್ನು ಒಪ್ಪಿದವರು 1996ರಲ್ಲಿ ಶೇ 27, 2021ರಲ್ಲಿ ಶೇ 70. ಇಪ್ಪತ್ತೈದು ವರ್ಷಗಳಲ್ಲಿ ಮನುಷ್ಯನ ಹುಟ್ಟುಗುಣ ಇಷ್ಟು ಬದಲಾಗಲಾರದು.

ಹಾಗಾದರೆ ಕಲಿಸಿದವರು ಯಾರು? ನಮ್ಮ ಸಂಸ್ಕೃತಿಯೇ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಕಾನೂನಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯ 1329 ಫಸಲಿಯಲ್ಲಿ, ಅಂದರೆ 1919ರಲ್ಲಿ, ಹಿಜ್ರಾಗಳ ಮೇಲೆ ಒಂದು ಕಾಯ್ದೆ ತಂದಿತು. ಅವರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದಿಡಬೇಕು; ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಇದಕ್ಕೆ ಮಾದರಿ ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆ. ಸಲಿಂಗ ಸಂಬಂಧವನ್ನೇ ಅಪರಾಧವಾಗಿಸಿದ 377ನೇ ಕಲಂ ಕೂಡ 1860ರ ದಂಡಸಂಹಿತೆಯ ಮೂಲಕ ಬ್ರಿಟಿಷರಿಂದಲೇ ಬಂತು. ಅದರ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಹೈದರಾಬಾದಿನ ಹಳೆಯ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟ್ ರದ್ದುಮಾಡಿದ್ದು ಇನ್ನೂ ತಡವಾಗಿ, 2023ರ ಜುಲೈನಲ್ಲಿ. ತಲೆಮಾರುಗಳ ಕಾಲ ಪೊಲೀಸರ ಲಾಠಿ ಕಲಿಸಿದ್ದನ್ನು ಜನ ಸಂಪ್ರದಾಯವೆಂದು ತಿಳಿದುಕೊಂಡರೆ ಆಶ್ಚರ್ಯವಿಲ್ಲ.

ಬ್ರಿಟಿಷರು ಬರುವ ಮುಂಚೆ ಎಲ್ಲವೂ ಚೆನ್ನಾಗಿತ್ತೇ ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಚೆನ್ನಾಗಿರಲಿಲ್ಲ. ಗಂಡಸರ ಸಲಿಂಗ ಸಂಬಂಧಕ್ಕೆ ಮನುಸ್ಮೃತಿ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡುವ ಪ್ರಾಯಶ್ಚಿತ್ತ ವಿಧಿಸುತ್ತದೆ. ಕನ್ಯೆಯನ್ನು ಕೆಡಿಸಿದ ಹೆಂಗಸಿಗಾದರೋ ತಲೆ ಬೋಳಿಸುವ, ಬೆರಳು ಕತ್ತರಿಸುವ ಶಿಕ್ಷೆ. ಅಲ್ಲಿ ಕಾಯಲು ಹೊರಟಿದ್ದು ಕನ್ಯತ್ವವನ್ನು, ಮದುವೆಯ ಪೇಟೆಯಲ್ಲಿ ಮನೆತನಕ್ಕಿರುವ ಬೆಲೆಯನ್ನು. ಆ ಲೆಕ್ಕ ಇಂದಿಗೂ ಮುಗಿದಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಡುಗೆ ತೊಡುವ ಜೋಗಪ್ಪಂದಿರಿಗೆ ಕೈಮುಗಿಯುವ ಸಮಾಜವೇ ತನ್ನ ಮನೆಯ ಮಗ ಮದುವೆ ಬೇಡವೆಂದು ಕಾರಣ ಹೇಳಿದಾಗ ಕುದಿಯುತ್ತದೆ. ದೇವರ ಹೆಸರಿನಲ್ಲಿ, ಮನೆಯ ಹೊರಗೆ ಇರುವತನಕ ಮಾತ್ರ ಗೌರವ. ವಂಶ, ಆಸ್ತಿ, ಬೀಗತನದ ಪ್ರಶ್ನೆ ಎದ್ದ ಕೂಡಲೇ ಹಗೆ. ಇದಕ್ಕೆ ಗಂಡಸುತನದ ಭಯವೂ ಸೇರುತ್ತದೆ. ಗಂಡಸುತನವನ್ನು ಮತ್ತೆ ಮತ್ತೆ ಸಾಬೀತುಪಡಿಸಬೇಕು, ಅದು ಕ್ಷಣದಲ್ಲಿ ಕಳೆದುಹೋಗಬಹುದು ಎಂದು ಜನ ಭಾವಿಸುವುದನ್ನು ಮನೋವಿಜ್ಞಾನಿಗಳಾದ ವ್ಯಾಂಡೆಲ್ಲೋ ಮತ್ತು ಬಾಸನ್ 2008ರಲ್ಲಿ ಪ್ರಯೋಗಗಳಿಂದ ತೋರಿಸಿದರು. ದುಡಿಯಲು ಬಂದ ಹುಡುಗರು ಒಂದೇ ಕೋಣೆ ಹಂಚಿಕೊಂಡು ಬದುಕುವ ಕೈಗಾರಿಕಾ ಊರುಗಳಲ್ಲಿ ಈ ಭಯಕ್ಕೆ ಮೊದಲು ಬಲಿಯಾಗುವವನು ನಡಿಗೆ, ದನಿ ಮೆದುವಾಗಿರುವ ಹುಡುಗ. ಅವನನ್ನು ಛೇಡಿಸಿದವನು ತಾನು ಅವನಂತಲ್ಲ ಎಂದು ಉಳಿದವರಿಗೆ ತೋರಿಸಿಕೊಳ್ಳುತ್ತಾನೆ.

ದ್ವೇಷಿಸುವವರೆಲ್ಲ ಒಳಗೊಳಗೇ ಸಲಿಂಗಿಗಳು ಎಂಬುದು ವಿದ್ಯಾವಂತರ ತಪ್ಪು ಕಲ್ಪನೆ. ಜಾರ್ಜಿಯಾ ವಿಶ್ವವಿದ್ಯಾಲಯ 1996ರಲ್ಲಿ 64 ಗಂಡಸರ ಮೇಲೆ ನಡೆಸಿದ ಒಂದು ಅಧ್ಯಯನವನ್ನು ಇದಕ್ಕೆ ಪುರಾವೆಯಾಗಿ ಕೊಡುತ್ತಾರೆ. ನಂತರದ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಕೆಲವರ ವಿಷಯದಲ್ಲಿ ಅದು ನಿಜವಿರಬಹುದು. ಎಲ್ಲರಿಗೂ ಅನ್ವಯಿಸಿದರೆ ಮಾತ್ರ ಸಲಿಂಗಿಗಳ ಮೇಲಿನ ಹಿಂಸೆಯ ಹೊಣೆಯೂ ಸಲಿಂಗಿಗಳ ತಲೆಗೇ ಬರುತ್ತದೆ, ಸಾಮಾನ್ಯ ಗಂಡಸರು ಸುಲಭವಾಗಿ ಪಾರಾಗುತ್ತಾರೆ.

ಕಲಿತದ್ದನ್ನು ಮರೆಯಬಹುದೇ? ಪೆಟ್ಟಿಗ್ರೂ ಮತ್ತು ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಪರಸ್ಪರ ಒಡನಾಟ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೆಂದು ಕಂಡುಬಂತು. ಆದರೆ ಒಡನಾಟಕ್ಕೆ ಗುರುತು ಬಿಚ್ಚಿಡಬೇಕು; ಅದರಿಂದ ಕೆಲಸ, ಬಾಡಿಗೆ ಕೋಣೆ ಕಳೆದುಕೊಳ್ಳುವವನು ಸಲಿಂಗಿಯೇ. ಈ ಆಕ್ಷೇಪ ನ್ಯಾಯವಾದದ್ದು. ಆ ಕಾರಣಕ್ಕೇ ಮಯಾಮಿಯಲ್ಲಿ ಬ್ರೂಕ್‌ಮನ್ ಮತ್ತು ಕಲ್ಲಾ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಮುಖ್ಯವೆನಿಸುತ್ತದೆ. ಮನೆಬಾಗಿಲಲ್ಲಿ ಸುಮಾರು ಹತ್ತು ನಿಮಿಷ ಮನಬಿಚ್ಚಿ ಆಡಿದ ಮಾತು ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹವನ್ನು ತಗ್ಗಿಸಿತು, ಮೂರು ತಿಂಗಳ ನಂತರವೂ ಅದರ ಪರಿಣಾಮ ಉಳಿದಿತ್ತು. ಮಾತಾಡಲು ಹೋದವರು ಟ್ರಾನ್ಸ್‌ಜೆಂಡರ್ ಆಗಿರಲಿ, ಆಗಿಲ್ಲದಿರಲಿ, ಇಬ್ಬರ ಮಾತೂ ಕೆಲಸ ಮಾಡಿತು.